ದಾರಿ ಬದಲಿಸಿದ್ದು

ನಮ್ಮೂರಿನಲ್ಲಿ ಹೆಂಗಸೊಬ್ಬಳು ರಸ್ತೆಯಲ್ಲಿ ಓಡಿದರೆ ಎದುರು ಸಿಕ್ಕವರು ಎರಡೇ ಪ್ರಶ್ನೆ ಕೇಳುತ್ತಾರೆ. ಬಸ್ಸು ತಪ್ಪಿತಾ? ಇಲ್ಲದಿದ್ದರೆ, ಯಾರಿಗೆ ಹುಷಾರಿಲ್ಲ? ಸುಮ್ಮನೆ ಓಡುತ್ತಿದ್ದೇನೆ ಎಂದರೆ ಸಂಜೆಯೊಳಗೆ ಸುದ್ದಿ ಕಾರ್ಕಳದ ಪೇಟೆಯವರೆಗೆ ಹೋದೀತು. ಮುಂಬಯಿಗೆ ಬಂದು ಮಾಟುಂಗದಲ್ಲಿ ಮನೆ ಮಾಡಿದ ಮೇಲೆ ನನಗೆ ಸಿಕ್ಕ ದೊಡ್ಡ ಸುಖವೆಂದರೆ ಯಾರೂ ಏನೂ ಕೇಳದಿರುವುದು. ನಾಲ್ಕು ಹೆಜ್ಜೆ ನಡೆದರೆ ಫೈವ್ ಗಾರ್ಡನ್ಸ್. ಹೆಸರೇ ಹೇಳುವಂತೆ ಐದು ತೋಟಗಳು, ನಡುವೆ ರಸ್ತೆಗಳು ಕೂಡುವ ವೃತ್ತ, ಸುತ್ತ ದೊಡ್ಡ ದೊಡ್ಡ ಮರಗಳು, ಆಚೆ ಪಾರ್ಸಿ ಕಾಲನಿಯ ಹಳೆಯ ಕಟ್ಟಡಗಳು. 1896ರ ಪ್ಲೇಗಿನ ನಂತರ ಹಳೆಯ ಶಹರದ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲಿಕ್ಕೆಂದು ಇಂಪ್ರೂವ್‌ಮೆಂಟ್ ಟ್ರಸ್ಟಿನವರು ದಾದರ್-ಮಾಟುಂಗದ ಈ ಬಡಾವಣೆಗಳ ನಕ್ಷೆ ಹಾಕಿದರು. ಆ ಗಾಳಿ-ಬೆಳಕು ನೂರು ವರ್ಷ ಕಳೆದ ಮೇಲೆ ನನ್ನಂಥ ಪರವೂರಿನವಳ ಪಾಲಿಗೂ ಬಂತು.

ಬೆಳಿಗ್ಗೆ ಐದೂವರೆಗೆಲ್ಲ ಅಲ್ಲಿ ಸುತ್ತು ಹಾಕುವವರು ಸೇರುತ್ತಾರೆ. ಸ್ವೆಟರು ಹಾಕಿದ ಪಾರ್ಸಿ ಅಜ್ಜ, ಅವರ ಹಿಂದೆ ಅವರಿಗಿಂತ ನಿಧಾನವಾದ ನಾಯಿ, ಗುಜರಾತಿ ಹೆಂಗಸರ ಒಂದು ತಂಡ, ಹಾಸ್ಟೆಲ್ಲಿನ ಹುಡುಗಿಯರು. ವರ್ಷಗಟ್ಟಲೆ ಮುಖ ನೋಡಿದ್ದೇನೆ, ಒಬ್ಬರ ಹೆಸರೂ ಗೊತ್ತಿರಲಿಲ್ಲ. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಎಂಬ ಮೂವರು ಇದೇ ಮುಂಬಯಿಯ ಹೆಂಗಸರ ಬಗ್ಗೆ ‘ವೈ ಲಾಯ್ಟರ್?’ ಎಂಬ ಪುಸ್ತಕ ಬರೆದಿದ್ದಾರೆ, 2011ರಲ್ಲಿ ಬಂದದ್ದು. ಹೆಂಗಸು ರಸ್ತೆಯಲ್ಲಿರಬೇಕಾದರೆ ತನಗೊಂದು ಕೆಲಸ ಉಂಟು ಎಂದು ತೋರಿಸಿಕೊಳ್ಳುತ್ತಲೇ ಇರಬೇಕಾಗುತ್ತದೆ ಎನ್ನುತ್ತಾರೆ ಅವರು. ನಿಜ. ಕಾಲಲ್ಲಿ ಓಡುವ ಶೂ ಇದ್ದರೆ ಅದೇ ನನ್ನ ಪರವಾನಗಿ. ಅದಿಲ್ಲದೆ ಅದೇ ಹೊತ್ತಿಗೆ ಅದೇ ಕಟ್ಟೆಯ ಮೇಲೆ ಸುಮ್ಮನೆ ಕೂರಲು ನನಗೆ ಇವತ್ತಿಗೂ ಧೈರ್ಯವಿಲ್ಲ.

2023ರ ಜನವರಿ. ಮುಂಬಯಿಯಲ್ಲಿ ಆಗ ಸೂರ್ಯ ಮೂಡುವುದು ಏಳು ದಾಟಿದ ಮೇಲೆಯೇ. ಐದೂಮುಕ್ಕಾಲಿಗೆ ಓಡುತ್ತಿದ್ದಾಗ ಹಿಂದಿನಿಂದ ಒಂದು ಸ್ಕೂಟರು ನಿಧಾನವಾಗಿ ಬರತೊಡಗಿತು. ನಾನು ನಿಂತರೆ ನಿಲ್ಲುವುದು, ಹೊರಟರೆ ಹೊರಡುವುದು. ಬಿಳಿ ಸ್ಕೂಟರು, ಒಂದು ಬದಿಯ ಕನ್ನಡಿ ಇಲ್ಲ. ಎರಡನೆಯ ದಿನ ಪಕ್ಕಕ್ಕೇ ಬಂದು ಏನೋ ಅಂದ. ಮೂರನೆಯ ದಿನ ಅಂದದ್ದನ್ನು ಇಲ್ಲಿ ಬರೆಯಲಾರೆ. ನಂಬರಿನ ನಾಲ್ಕು ಅಂಕಿ ನೋಡಿಕೊಂಡೆ. ಮನೆಗೆ ಬಂದು ಮೊಬೈಲಿನಲ್ಲಿ ಬರೆದಿಟ್ಟೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮೊದಲು ನಿಲ್ಲುವುದು ನನ್ನ ಓಟ ಎಂಬುದು ಗೊತ್ತಿತ್ತು. ಊರಿನಿಂದ ಚಿಕ್ಕಮ್ಮ ಫೋನ್ ಮಾಡಿದಾಗಲೆಲ್ಲ ಮಾತು ಮುಗಿಯುವುದೇ ಹೀಗೆ: “ಬೆಳಿಗ್ಗೆ ಕತ್ತಲೆಗೆ ಒಬ್ಬಳೇ ಹೋಗುದು ಬೇಡ ಮಾರಾಯ್ತಿ. ಎಂತದಾದ್ರೂ ಆದ್ರೆ ಅಲ್ಲಿ ನಮ್ಮವರು ಅಂತ ಯಾರಿದ್ದಾರೆ?”

ಇಂಥ ಹೊತ್ತಿಗೆ ಎಲ್ಲರೂ ಹೇಳುವ ಬುದ್ಧಿಮಾತುಗಳುಂಟಲ್ಲ, ಅವನ್ನೇ ಪಾಲಿಸಿದೆ. ಹೊತ್ತು ಬದಲಿಸು, ದಾರಿ ಬದಲಿಸು, ಎರಡೂ ಕಿವಿಗೆ ಇಯರ್‌ಫೋನ್ ಹಾಕಬೇಡ. ತಮಾಷೆ ಮಾಡುತ್ತಿಲ್ಲ, ಇವೆಲ್ಲ ಸರಿಯಾದ ಮಾತುಗಳೇ. ನಾನು ಅಂಬೇಡ್ಕರ್ ರಸ್ತೆಯ ಫ್ಲೈಓವರಿನ ಕೆಳಗಿನ ತೋಟಕ್ಕೆ ಹೋಗತೊಡಗಿದೆ. ನಾನಾಲಾಲ್ ಮೆಹ್ತಾ ಉದ್ಯಾನ ಎಂದು ಅದರ ಹೆಸರು, 2016ರಲ್ಲಿ ತೆರೆದದ್ದು. ತಲೆಯ ಮೇಲೆ ವಾಹನ, ಎರಡೂ ಬದಿಗೆ ವಾಹನ, ನಡುವೆ ನರ್ಮದಾ ನದಿ ಹರಿಯುವ ಹಾಗೆ ಬಾಗಿ ಬಳುಕುವ ಸುಮಾರು 600 ಮೀಟರಿನ ಕಾಲುದಾರಿ. ಸೇತುವೆಯಾದ ಮೇಲೆ ಆ ಜಾಗ ಜೂಜು, ಗರ್ದುಲ್ಲಾಗಳ ಅಡ್ಡೆಯಾಗಬಾರದೆಂದು ಸುತ್ತಲಿನ ನಿವಾಸಿಗಳು ತಮ್ಮ ದುಡ್ಡಿನಲ್ಲಿ ಕಾವಲುಗಾರರನ್ನಿಟ್ಟು, ಪಾಲಿಕೆಯ ಬೆನ್ನು ಹತ್ತಿ ತೋಟ ಮಾಡಿಸಿದರು. ಒಳ್ಳೆಯ ಕೆಲಸ, ನಾನೇ ಅದರ ಫಲಾನುಭವಿ. ಅಲ್ಲಿ ಮಲಗುತ್ತಿದ್ದವರು ಎಲ್ಲಿಗೆ ಹೋದರೋ ನಾನಂತೂ ವಿಚಾರಿಸಲಿಲ್ಲ. ಬೇಲಿ ಇತ್ತು, ದೀಪ ಇತ್ತು, ಸ್ಕೂಟರು ಬರುವಂತಿರಲಿಲ್ಲ. ಅಷ್ಟು ಸಾಕಾಯಿತು.

ಫೆಬ್ರವರಿಯ ಒಂದು ಬೆಳಿಗ್ಗೆ ಸ್ಟೇಷನ್ ಬಳಿಯ ಹೂವಿನಂಗಡಿಯ ಮುಂದೆ ಹಾಸ್ಟೆಲ್ಲಿನ ಹುಡುಗಿಯೊಬ್ಬಳು ಸಿಕ್ಕಿದಳು. ತೋಟದಲ್ಲಿ ದಿನಾ ಎದುರಾಗುತ್ತಿದ್ದವಳು. ಮೊಣಕಾಲಿಗೆ ಪಟ್ಟಿ, ಅಂಗೈ ತರಚಿದೆ. ಏನಾಯ್ತು ಎಂದು ಕೇಳಿದೆ. ನಮ್ಮ ಮೊದಲ ಮಾತು ಅದು. ಬಿಳಿ ಸ್ಕೂಟರಿನವನೊಬ್ಬ ತೋಳು ಹಿಡಿದು ಎಳೆದನಂತೆ, ಬಿಡಿಸಿಕೊಳ್ಳುವಾಗ ಬಿದ್ದಳಂತೆ. “ಆಂಟೀ, ನೀವು ಯಾವತ್ತಾದ್ರೂ ಅವನನ್ನು ನೋಡಿದ್ರಾ?” ಎಂದು ಹಿಂದಿಯಲ್ಲಿ ಕೇಳಿದಳು.

“ಇಲ್ಲ” ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ನಮ್ಮೂರಿನ ತೋಡಿಗೆ ಅಡಿಕೆ ಮರದ ಸಂಕ ಹಾಕುತ್ತಾರೆ. ಅದು ಲಡ್ಡಾಗಿದೆ ಎಂದು ಕಂಡವರು ಹಸಿರು ಸೊಪ್ಪಿನ ಒಂದು ಗೆಲ್ಲನ್ನು ಅಡ್ಡ ಇಟ್ಟು ಹೋಗುತ್ತಾರೆ, ಹಿಂದೆ ಬರುವವನು ತಮ್ಮ ಜಗಳದ ದಾಯಾದಿಯಾದರೂ ಸರಿ. ಸಂಕ ಕುಂಬಾದದ್ದು ಕಂಡವನ ತಪ್ಪಲ್ಲ. ಆದರೂ ಸೊಪ್ಪು ಇಡದೆ ಹೋದರೆ ಊರು ಅವನನ್ನು ಬಿಡುವುದಿಲ್ಲ. ನಾನು ದಾಟಿ ಬಂದೆ, ಸೊಪ್ಪು ಇಡಲಿಲ್ಲ. ನಾನು ದಾರಿ ಬದಲಿಸಿದ್ದರಿಂದ ಆ ಮನುಷ್ಯನಿಗೇನೂ ಆಗಲಿಲ್ಲ. ಅವನಿಗೆ ಇನ್ನೊಬ್ಬಳು ಸಿಕ್ಕಿದಳು, ಅಷ್ಟೆ. ತಪ್ಪು ಅವನದು, ಕಿರುಕುಳ ಉಂಡವಳ ಮೇಲೆ ಮತ್ತೊಂದು ಹೊರೆ ಯಾಕೆ ಎಂದು ಗೆಳತಿಯೊಬ್ಬಳು ವಾದಿಸಿದಳು. ಬೇರೆಯವರ ವಿಷಯವಾದರೆ ನಾನೂ ಹಾಗೇ ಹೇಳುತ್ತೇನೆ. ನನ್ನ ವಿಷಯಕ್ಕೆ ಬಂದರೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಯಾಕೆಂದರೆ ಆಗ ನಾನು ಹೆದರಿದ್ದು ಅವನಿಗಿಂತ ಹೆಚ್ಚಾಗಿ ಮನೆಯವರಿಗೆ. ಇನ್ನೊಂದು, ಹೇಳುವುದು ಯಾರಿಗೆ? ಪರವೂರಿನಲ್ಲಿ ಯಾರೂ ಏನೂ ಕೇಳುವುದಿಲ್ಲ ಎಂಬ ಸುಖವನ್ನು ಹೊಗಳಿದೆನಲ್ಲ, ಅದೇ ಸುಖ ನನ್ನ ಬಾಯಿ ಮುಚ್ಚಿಸಿತ್ತು. ಯಾರೂ ಯಾರಿಗೂ ಏನೂ ಹೇಳಬೇಕಾಗಿಯೂ ಇಲ್ಲ ಎಂದು ಅಭ್ಯಾಸವಾಗಿಬಿಟ್ಟಿತ್ತು.

ಎರಡು ದಿನ ನಿದ್ದೆ ಬರಲಿಲ್ಲ. ಮೂರನೆಯ ದಿನ ಅವಳನ್ನು ಹುಡುಕಿ ನಿಜ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. “ಹಾಗಾದ್ರೆ ನನ್ನ ಜೊತೆ ಬನ್ನಿ” ಎಂದಳು. ಹೋದೆವು. 2013ರ ತಿದ್ದುಪಡಿಯಿಂದ, ಬೇಡವೆಂದರೂ ಹೆಂಗಸಿನ ಬೆನ್ನು ಬಿದ್ದು ಪದೇಪದೇ ಕಾಡುವುದು ಪ್ರತ್ಯೇಕ ಅಪರಾಧ. ಮೊದಲ ಸಲಕ್ಕೇ ಮೂರು ವರ್ಷದವರೆಗೆ ಸಜೆಯಾಗಬಹುದು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಲ್ಲಿದೆ. ನನ್ನ ಮೂರು ದಿನಗಳ ತಾರೀಕು, ನಾಲ್ಕು ಅಂಕಿ ಎಲ್ಲ ಬರೆಸಿದೆ. ಬರೆದುಕೊಳ್ಳುತ್ತಿದ್ದ ಮಹಿಳಾ ಪೇದೆ ತಲೆಯೆತ್ತಿ, ಆವತ್ತೇ ಯಾಕೆ ಬರಲಿಲ್ಲ ಎಂದು ಕೇಳಿದರು. ಆಕ್ಷೇಪದ ದನಿಯಲ್ಲೇನೂ ಅಲ್ಲ. ಪಕ್ಕದಲ್ಲಿ ಹುಡುಗಿ ಮೊಣಕಾಲಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. ಸ್ಕೂಟರಿನವನು ಸಿಕ್ಕಲಿಲ್ಲ, ಆದರೆ ಆಮೇಲೆ ಆ ಕಡೆ ಕಾಣಲೂ ಇಲ್ಲ. ಬೇರೆ ಯಾವ ತೋಟಕ್ಕೆ ಹೋದನೋ. ಹುಡುಗಿ ಪರೀಕ್ಷೆ ಮುಗಿಸಿ ಊರಿಗೆ ಹೋದಳು.

ಆ ಮಾರ್ಚಿನಲ್ಲೇ ವರ್ಲಿ ಸೀಫೇಸಿನಲ್ಲಿ ಬೆಳಿಗ್ಗೆ ಓಡುತ್ತಿದ್ದ ಮಹಿಳೆಯೊಬ್ಬರು, ವೇಗವಾಗಿ ಬಂದ ಕಾರು ಬಡಿದು ತೀರಿಕೊಂಡರು. ಟೀವಿಯಲ್ಲಿ ನೋಡಿದ ಚಿಕ್ಕಮ್ಮನ ಫೋನು ಬಂತು. “ಅವರಿಗೆ ಮನೆಯಲ್ಲೇ ವ್ಯಾಯಾಮ ಮಾಡ್ಲಿಕ್ಕೆ ಆಗ್ತಿರಲಿಲ್ವಾ?” ಕಾರಿನವನ ಬಗ್ಗೆ ಒಂದು ಮಾತಿಲ್ಲ. ನನಗೆ ಸಿಟ್ಟು ಬಂತು. ಆದರೆ ಚಿಕ್ಕಮ್ಮನ ದನಿ ನಡುಗುತ್ತಿತ್ತು. ಕಾರಿನವನಿಗೆ ಬುದ್ಧಿ ಹೇಳಲು ಅವಳ ಕೈಯಲ್ಲಿ ಆಗುವುದಿಲ್ಲ. ನನಗೆ ಹೇಳಬಹುದು, ಹೇಳಿದಳು.

ನಾನು ಮತ್ತೆ ಫೈವ್ ಗಾರ್ಡನ್ಸಿಗೇ ಹೋಗುತ್ತಿದ್ದೇನೆ. ಈಗ ಹೆಸರು ಕೇಳಿಕೊಳ್ಳುತ್ತೇನೆ. ಪಾರ್ಸಿ ಅಜ್ಜನದ್ದು ಗೊತ್ತು, ನಾಯಿಯದ್ದೂ ಗೊತ್ತು. ಹೊಸ ಮುಖ ಕಂಡರೆ ಯಾವ ಮೂಲೆಯಲ್ಲಿ ದೀಪವಿಲ್ಲ, ಹಿಂದೆ ಏನಾಗಿತ್ತು ಎಂದು ಹೇಳುತ್ತೇನೆ. ಈ ಸಲದ ಚಳಿಗಾಲದಲ್ಲಿ ಒಬ್ಬ ಹೊಸ ಹುಡುಗಿ ನಿಂತು ಎಲ್ಲ ಕೇಳಿಸಿಕೊಂಡಳು. ಆಮೇಲೆ ಕಿವಿಯ ಇಯರ್‌ಫೋನ್ ತೆಗೆಯುತ್ತ, “ಹಾಗಾದ್ರೆ ಈ ಹೊತ್ತಿಗೆ ನಾನು ಬರಬಾರ್ದಾ ಆಂಟೀ?” ಎಂದಳು. ನನ್ನ ಮಾತಿನಲ್ಲಿ ಚಿಕ್ಕಮ್ಮನ ಮಾತೇ ಅವಳಿಗೆ ಕೇಳಿಸಿತ್ತು. ಏನು ಹೇಳಬೇಕೆಂದು ಒಂದು ಕ್ಷಣ ತಿಳಿಯಲಿಲ್ಲ.

“ಬಾ” ಎಂದೆ. “ಐದೂಮುಕ್ಕಾಲಿಗೆ ನಾನು ಇಲ್ಲೇ ಇರ್ತೇನೆ.”