ಮರಣಭಯ ಮತ್ತು ಪಶ್ಚಾತ್ತಾಪ

2018ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಹೊರತಂದ 'ರೆಡ್ ಡೆಡ್ ರಿಡೆಂಪ್ಶನ್ 2' ಎಂಬ ವಿಡಿಯೊ ಗೇಮ್‌ನ ನಾಯಕ ಆರ್ಥರ್ ಮಾರ್ಗನ್, 1899ರ ಅಮೆರಿಕದ ದರೋಡೆಕೋರರ ತಂಡವೊಂದರಲ್ಲಿ ಹುಡುಗನಾಗಿದ್ದಾಗಿನಿಂದ ಬೆಳೆದವನು. ಆದ್ದರಿಂದ ಅವನ ಅಪರಾಧಗಳ ಬೇರು ಕ್ರೌರ್ಯದ ಸುಖದಲ್ಲಿರುವುದಕ್ಕಿಂತ ಹೆಚ್ಚಾಗಿ ತನ್ನನ್ನು ಸಾಕಿದ ಮುಖಂಡ ಡಚ್‌ನ ಮೇಲಿನ ನಿಷ್ಠೆಯಲ್ಲಿದೆ. ಸಾಲ ವಸೂಲಿಗೆ ಹೋಗಿ ಕ್ಷಯರೋಗಿಯಾದ ಬಡ ರೈತನೊಬ್ಬನನ್ನು ಥಳಿಸಿದಾಗ ಆ ರೋಗ ಅವನಿಗೂ ಅಂಟುತ್ತದೆ. ಸಾವು ಸಮೀಪಿಸಿದೆಯೆಂದು ತಿಳಿದ ಬಳಿಕ, ಆಟಗಾರ ಬಯಸಿದರೆ, ಆ ರೈತನ ವಿಧವೆಗೆ ಅವನು ನೆರವಾಗಬಹುದು.

ಸಾವಿನ ಭಯದಿಂದ ಹುಟ್ಟಿದ ಪಶ್ಚಾತ್ತಾಪಕ್ಕೆ ನೈತಿಕ ಬೆಲೆಯುಂಟೆ? ಕ್ಯಾಥೊಲಿಕ್ ದೇವತಾಶಾಸ್ತ್ರವು ದೇವರ ಮೇಲಿನ ಪ್ರೀತಿಯಿಂದ ಮೂಡುವ ಪರಿಪೂರ್ಣ ಪಶ್ಚಾತ್ತಾಪವನ್ನೂ ಶಿಕ್ಷೆಯ ಭಯದಿಂದ ಮೂಡುವ ಅಪೂರ್ಣ ಪಶ್ಚಾತ್ತಾಪವನ್ನೂ ಬೇರ್ಪಡಿಸುತ್ತದೆ. ಆದರೂ 16ನೆಯ ಶತಮಾನದ ಟ್ರೆಂಟ್ ಧರ್ಮಸಭೆ ಎರಡನೆಯದನ್ನು ತಳ್ಳಿಹಾಕದೆ, ಅದೂ ದೇವರ ಕೊಡುಗೆಯೇ ಎಂದು ಒಪ್ಪಿತು. ಕ್ರೈಸ್ತ ಸನ್ಯಾಸಿನಿಯೊಬ್ಬಳ ಮುಂದೆ ತನಗೆ ಭಯವಾಗಿದೆಯೆಂದು ಆರ್ಥರ್ ಒಪ್ಪಿಕೊಳ್ಳುವ ಸನ್ನಿವೇಶಕ್ಕೆ ತೂಕ ಬರುವುದು ಈ ಹಿನ್ನೆಲೆಯಲ್ಲಿಯೇ.

ಪ್ರೇರಣೆಯನ್ನು ತೂಗುವ ಈ ವಿವೇಚನೆಗೆ ಹೋಲಿಸಿದರೆ ಆಟದ 'ಗೌರವ'ದ ಅಳತೆಪಟ್ಟಿ ತೀರ ಒರಟಾದುದು: ದಾರಿಹೋಕರಿಗೆ ವಂದಿಸಿದರೂ, ಹಿಡಿದ ಮೀನನ್ನು ನೀರಿಗೆ ಬಿಟ್ಟರೂ (ಇಷ್ಟು ಅಗ್ಗದ ಪುಣ್ಯ ಬೇರೆಲ್ಲೂ ಸಿಗಲಾರದು) ಅದು ಏರುತ್ತದೆ, ಏಕೆಂದರೆ ಕೃತ್ಯವನ್ನು ಎಣಿಸಬಲ್ಲ ಯಂತ್ರಕ್ಕೆ ಅದರ ಹಿಂದಿನ ಪ್ರೇರಣೆ ಕಾಣದು. ಆದರೆ ಆ ಪಟ್ಟಿ ಕಾಣಿಸುವುದು ಆಟಗಾರನಿಗೆ, ಆರ್ಥರ್‌ಗಲ್ಲ. ಹೀಗಾಗಿ ಒಂದೇ ಸತ್ಕಾರ್ಯವು ಆಟಗಾರನ ಕೈಯಲ್ಲಿ ಲೆಕ್ಕಾಚಾರವಾಗಿದ್ದು, ಪಾತ್ರದ ಮಟ್ಟಿಗೆ ಪ್ರತಿಫಲದ ಭರವಸೆಯಿಲ್ಲದ ಪ್ರಾಯಶ್ಚಿತ್ತವಾಗಿರಲು ಸಾಧ್ಯ.