ತನಗೆ ಅನುಕೂಲವಾದ ತಪ್ಪು

ಕಾಲೇಜು ಪಂದ್ಯದ ಪ್ರೇಕ್ಷಕ ಟಿಕೆಟ್ ಕೊಂಡು ಬಂದ ಗಿರಾಕಿಯಲ್ಲ. ಅಂಕಣದಲ್ಲಿ ಆಡುತ್ತಿರುವವನು ಬೆಳಿಗ್ಗೆ ಅವನ ಬೆಂಚಿನಲ್ಲೇ ಕೂತಿದ್ದ ಗೆಳೆಯ. ಎದುರು ಪಕ್ಷದವನು ಹತ್ತನೇ ತರಗತಿಯವರೆಗೆ ಜೊತೆಗೆ ಓದಿದವನೇ ಆಗಿರಬಹುದು. ಕ್ರೀಡಾ ಮನೋಭಾವದ ಪ್ರಶ್ನೆಗೆ ಇಲ್ಲಿ ಬೇರೆ ಬಣ್ಣ ಬರುವುದು ಈ ಒಡನಾಟದಿಂದ.

ನವಿ ಮುಂಬಯಿಯ ತುರ್ಭೆಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಸಗಟು ಮಾರುಕಟ್ಟೆ, ಲಾರಿಗಳ ಸಾಲು, ಕಾರ್ಖಾನೆಗಳು, ಕಲಬುರಗಿ ವಿಜಯಪುರದ ಕಡೆಯಿಂದ ದುಡಿಯಲು ಬಂದು ನೆಲೆಸಿದ ಕುಟುಂಬಗಳು, ಆ ಮನೆಗಳಿಂದ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು. ಠಾಣೆಯಿಂದ ಬರುವ ಲೋಕಲ್ ರೈಲಿನ ಹಳಿ ತುರ್ಭೆ ದಾಟಿದ ಮೇಲೆ ಕವಲೊಡೆದು, ಒಂದು ಸಾನ್ಪಾಡಾ ಮೂಲಕ ವಾಶಿಗೆ, ಇನ್ನೊಂದು ಜುಯಿನಗರದ ಮೂಲಕ ನೆರೂಲಿಗೆ ಹೋಗುತ್ತದೆ. ಈ ಹಳಿಯುದ್ದಕ್ಕೂ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿವೆ. ಎದುರಾಳಿ ಎಂದರೆ ಮುಂದಿನ ಸ್ಟೇಷನ್ನಿನವನು. ಪಂದ್ಯ ಮುಗಿದ ಮೇಲೆ ಸೋತವರೂ ಗೆದ್ದವರೂ ಹತ್ತುವುದು ಒಂದೇ ಡಬ್ಬಿ.

ಗುಂಪು ಕಟ್ಟಿ ಆಡುವುದರ ಅಪಾಯ ಮುಂಬಯಿಗೆ ಹಳೆಯ ಪರಿಚಯ. ಹಿಂದೂ, ಮುಸ್ಲಿಂ, ಪಾರ್ಸಿ, ಯುರೋಪಿಯನ್ ಮತ್ತು ಇತರರು ಎಂಬ ಐದು ತಂಡಗಳ ಪೆಂಟ್ಯಾಂಗ್ಯುಲರ್ ಕ್ರಿಕೆಟ್ ಇಲ್ಲಿ ಸಾವಿರಾರು ಜನರನ್ನು ಸೆಳೆಯುತ್ತಿತ್ತು. 1940ರ ಡಿಸೆಂಬರಿನಲ್ಲಿ ಗಾಂಧೀಜಿ ಅದನ್ನು ವಿರೋಧಿಸಿದರು. 1946ರಲ್ಲಿ ಅದು ನಿಂತೇಹೋಯಿತು. ಗಮನಿಸಬೇಕಾದ್ದು, ಕಾಲೇಜು ಕಾಲೇಜುಗಳ ನಡುವಿನ ಪಂದ್ಯ ತಮಗೆ ಅರ್ಥವಾಗುತ್ತದೆ ಎಂದು ಅವರು ಅದೇ ಹೇಳಿಕೆಯಲ್ಲಿ ವಿನಾಯಿತಿ ಕೊಟ್ಟಿದ್ದು. ಆ ವಿನಾಯಿತಿಗೆ ಒಂದು ಕಾರಣ ಊಹಿಸಬಹುದು. ಜಾತಿ ಮತಗಳು ಹುಟ್ಟಿನಿಂದ ಬಂದು ಸಾಯುವತನಕ ಅಂಟಿರುತ್ತವೆ. ಕಾಲೇಜಿನ ನಿಷ್ಠೆ ಬಂದದ್ದು ಪ್ರವೇಶ ಪಟ್ಟಿಯಿಂದ. ಅರ್ಧ ಅಂಕ ಕಡಿಮೆ ಬಿದ್ದಿದ್ದರೆ ಇದೇ ಹುಡುಗ ಎದುರು ಗ್ಯಾಲರಿಯಲ್ಲಿ ಕೂತು ಅಷ್ಟೇ ಜೋರಾಗಿ ಶಿಳ್ಳೆ ಹಾಕುತ್ತಿದ್ದ. ಹೀಗೆ ತೊಟ್ಟು ಕಳಚಬಹುದಾದ ನಿಷ್ಠೆ ಪಕ್ಷ ವಹಿಸುವ ಸುಖವನ್ನು ಕೊಡುತ್ತದೆ, ವೈರವನ್ನು ಬೇಡುವುದಿಲ್ಲ.

ಕೆಡುವುದು ಈ ಹಗುರ ನಿಷ್ಠೆ ಭಾರದ ನಿಷ್ಠೆಗಳಿಗೆ ತನ್ನ ಕಂಠವನ್ನು ಕಡ ಕೊಟ್ಟಾಗ. ಕ್ಯಾಚ್ ಬಿಟ್ಟವನಿಗೆ ಕೈಗೆ ಬೆಣ್ಣೆ ಸವರಿಕೊಂಡಿದ್ದೀಯಾ ಎಂದು ಕೂಗುವುದು ಆಟದ ಮೇಲಿನ ಗೇಲಿ. ಅವನ ಭಾಷೆ, ಊರು, ಮೈಬಣ್ಣ, ತಂದೆಯ ಕಸುಬು ಹಿಡಿದು ಕೂಗುವುದು ಆಟಕ್ಕೆ ಸಂಬಂಧಿಸಿದ್ದೇ ಅಲ್ಲ. ದಕ್ಷಿಣದವರನ್ನು ಲುಂಗಿಯ ಹೆಸರಿನಲ್ಲಿ ಅಟ್ಟುವ ಘೋಷಣೆ 1960ರ ದಶಕದಲ್ಲಿ ಈ ಮಹಾನಗರದಲ್ಲಿ ಮೊಳಗಿತ್ತು. ಅಂಥ ಮಾತು ಮೈದಾನದಲ್ಲಿ ಮರಳಿ ಬಂದರೆ ತಮಾಷೆಯಾಗುವುದಿಲ್ಲ. ಎರಡನ್ನೂ ಬೇರ್ಪಡಿಸಲು ಸಂಜೆಯ ಆ ರೈಲು ಡಬ್ಬಿಯೇ ಸಾಕು: ಅದೇ ಹುಡುಗನ ಪಕ್ಕ ನಿಂತು, ಅದೇ ಸಂಜೆ, ಬೆಣ್ಣೆಯ ಮಾತನ್ನು ನಗುತ್ತಾ ಹೇಳಬಹುದು. ಇನ್ನೊಂದಕ್ಕೆ ನಾಲಿಗೆ ಏಳುವುದಿಲ್ಲ.

ಆದರೆ ಸಭ್ಯ ಮಾತಿಗಿಂತ ಕಠಿಣವಾದದ್ದು ನ್ಯಾಯದ ಪ್ರಶ್ನೆ. ಮುಂಬಯಿಯ ಎರಡು ಟೆಸ್ಟ್ ಪಂದ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 1969ರ ನವೆಂಬರಿನಲ್ಲಿ ಬ್ರಬೋರ್ನ್ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ ವೆಂಕಟರಾಘವನ್ ವಿಕೆಟ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಔಟ್ ಕೊಟ್ಟಾಗ, ತೀರ್ಪು ತಪ್ಪೆಂದು ನಂಬಿದ ಪ್ರೇಕ್ಷಕರು ದಾಂಧಲೆಗಿಳಿದು ಬೆಂಕಿ ಹಚ್ಚಿದರು. 1980ರ ಫೆಬ್ರವರಿಯಲ್ಲಿ ವಾಂಖೆಡೆಯಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವ ಟೆಸ್ಟ್. ಭಾರತದ ನಾಯಕ ಭದ್ರಾವತಿಯ ಜಿ.ಆರ್. ವಿಶ್ವನಾಥ್. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿತ್ತು. ಬಾಬ್ ಟೇಲರ್ ಕೀಪರ್‌ಗೆ ಕ್ಯಾಚಿತ್ತರೆಂದು ಅಂಪೈರ್ ಹನುಮಂತರಾವ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್ ಮನವಿ ಹಿಂತೆಗೆದುಕೊಂಡು ಟೇಲರ್ ಅವರನ್ನು ಮರಳಿ ಕರೆದರು. ಟೇಲರ್, ಬೋಥಮ್ ಜೊತೆಯಾಟದಲ್ಲಿ 171 ರನ್ ಬಂತು. ಭಾರತ 10 ವಿಕೆಟ್‌ಗಳಿಂದ ಸೋತಿತು.

ಎರಡೂ ಸಂದರ್ಭಗಳ ಮೊದಲ ಹೆಜ್ಜೆ ಒಂದೇ: ಅಂಪೈರ್ ತಪ್ಪಿದ್ದಾರೆ ಎಂಬ ನಂಬಿಕೆ. ವ್ಯತ್ಯಾಸ, ತಪ್ಪು ಯಾರಿಗೆ ಲಾಭವಾಗಿತ್ತು ಎಂಬುದರಲ್ಲಿ. ತನಗೆ ಹಾನಿಯಾದ ತಪ್ಪನ್ನು ಕಾಣಲು ಯಾರಿಗೂ ಕನ್ನಡಕ ಬೇಕಿಲ್ಲ. ಅದನ್ನು ಖಂಡಿಸಿ ಕೂಗುವುದು ನ್ಯಾಯಪ್ರೇಮವೋ ಸ್ವಾರ್ಥವೋ ಹೊರಗಿನಿಂದ ಹೇಳಲಾಗದು. ತನಗೆ ಅನುಕೂಲವಾದ ತಪ್ಪಿನ ಎದುರಿನಲ್ಲಿ ಮಾತ್ರ ಅದು ಬಯಲಾಗುತ್ತದೆ. ನಾಯಕ ಹೀಗೆ ಮಾಡಿದರೆ ಅಂಪೈರಿನ ಅಧಿಕಾರಕ್ಕೆ ಕುಂದಲ್ಲವೇ ಎಂಬ ಆಕ್ಷೇಪಕ್ಕೆ ಬಲವಿಲ್ಲ. ಮನವಿ ಹಿಂತೆಗೆದುಕೊಳ್ಳಲು ಕ್ರಿಕೆಟಿನ ನಿಯಮವೇ ಅವಕಾಶ ಕೊಟ್ಟಿದೆ. ಅಂಥ ಔದಾರ್ಯದಿಂದ ಪಂದ್ಯ ಕೈಬಿಟ್ಟಿತಲ್ಲ ಎಂಬುದು ಹೆಚ್ಚು ಪ್ರಾಮಾಣಿಕ ಆಕ್ಷೇಪ. ಹೌದು, ಬಿಟ್ಟಿತು, ಆ ಬೆಲೆಯನ್ನು ಮರೆಮಾಚಿ ಕ್ರೀಡಾ ಮನೋಭಾವವನ್ನು ಬೋಧಿಸುವವರು ಹುಡುಗರಿಗೆ ಸುಳ್ಳು ಹೇಳಿದಂತೆ.

ಕಬಡ್ಡಿಯಲ್ಲಿ ಈ ಪರೀಕ್ಷೆ ನಿಮಿಷಕ್ಕೊಮ್ಮೆ ಎದುರಾಗುತ್ತದೆ. ರೈಡರನ ಬೆರಳ ತುದಿ ಅಂಗಿಗೆ ಸವರಿತೋ ಇಲ್ಲವೋ ಎಂಬುದು ಹಲವು ಸಲ ಆ ಇಬ್ಬರಿಗೆ ಮಾತ್ರ ಗೊತ್ತು. ಅಂಕಣದ ಗೆರೆಗೆ ಒತ್ತಿಕೊಂಡು ಕೂತ ಪ್ರೇಕ್ಷಕರ ಪ್ರತಿ ಮಾತೂ ಆಟಗಾರನ ಕಿವಿಗೆ ಬೀಳುತ್ತದೆ. ತಾಗಿದ್ದನ್ನು ಒಪ್ಪಿಕೊಂಡು ಹೊರನಡೆದ ಹುಡುಗನನ್ನು ಅವನ ಕಾಲೇಜಿನವರೇ ದಡ್ಡ ಎಂದು ಹೀಯಾಳಿಸಿದರೆ, ಮುಂದಿನ ಸಲ ಅವನು ಒಪ್ಪಿಕೊಳ್ಳುವುದಿಲ್ಲ. ಆಟಗಾರನ ಪ್ರಾಮಾಣಿಕತೆಯಲ್ಲಿ ನೋಡುಗರ ಪಾಲು ಇಷ್ಟು ನೇರವಾದದ್ದು.

ದೂರದರ್ಶನದ ಆಟ ಕಲಿಸುವ ಪಾಠ ಬೇರೆ. 2024ರ ಐಪಿಎಲ್‌ನಲ್ಲಿ ವಾಂಖೆಡೆಯ ಜನ ತಮ್ಮದೇ ತಂಡದ ಹೊಸ ನಾಯಕ ಹಾರ್ದಿಕ್ ಪಾಂಡ್ಯರನ್ನು ಹುಯಿಲಿಟ್ಟು ಮೂದಲಿಸಿದರು. ಜುಲೈನಲ್ಲಿ, ವಿಶ್ವಕಪ್ ಗೆದ್ದು ಬಂದಾಗ, ಅದೇ ಅಂಗಳ ಅವರಿಗೆ ಜೈಕಾರ ಹಾಕಿತು. ಕೋಟಿಗಟ್ಟಲೆ ಸಂಬಳದ ವೃತ್ತಿಪರ ಅದನ್ನು ತಾಳಿಕೊಂಡಾನು. ಬಸ್ಸಿನ ಖರ್ಚಿಗೂ ಲೆಕ್ಕ ಹಾಕುವ ಹತ್ತೊಂಬತ್ತರ ವಿದ್ಯಾರ್ಥಿಯ ಮೇಲೆ ಅದೇ ಶೈಲಿ ಪ್ರಯೋಗವಾದರೆ ಅವನು ಆಟವನ್ನೇ ಬಿಡಬಹುದು.

ಕಾಲೇಜಿನ ಆಟೋಟ ನೋಡಿಕೊಳ್ಳುವ ಜಿಮಖಾನಾಗಳು ಸಾಮಾನ್ಯವಾಗಿ ನೆಚ್ಚುವುದು ನಿಷೇಧವನ್ನು: ಡೋಲು ಬೇಡ, ಎರಡು ಕಾಲೇಜಿನವರು ಬೇರೆ ಬೇರೆ ಕೂರಲಿ. ಕಾವಲಿಗೆ ಇದು ಸುಲಭ. ಆದರೆ ಪ್ರತ್ಯೇಕ ಕೂರಿಸಿದ ಗುಂಪಿಗೆ ಮುಖವಿರುವುದಿಲ್ಲ, ಹೆಸರಿರುವುದಿಲ್ಲ. ಪಕ್ಕದಲ್ಲಿ ಎದುರು ಕಾಲೇಜಿನವನೊಬ್ಬ ಕೂತಿದ್ದರೆ ಅರ್ಧ ಬೈಗುಳ ಗಂಟಲಲ್ಲೇ ಉಳಿಯುತ್ತದೆ. ಡೋಲು ಕಸಿಯುವುದಂತೂ ರೋಗ ಬಿಟ್ಟು ರೋಗಿಯ ಬಾಯಿ ಕಟ್ಟಿದಂತೆ. 1999ರ ಜನವರಿಯಲ್ಲಿ ಚೆನ್ನೈನಲ್ಲಿ 12 ರನ್‌ಗಳಿಂದ ಗೆದ್ದ ಪಾಕಿಸ್ತಾನ ತಂಡಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದ ಪ್ರೇಕ್ಷಕರು ಅಬ್ಬರವಿಲ್ಲದ ಜನರೇನಲ್ಲ. ಹೆಚ್ಚು ಫಲ ಕೊಡಬಹುದಾದ್ದು, ತರಗತಿಗಳ ನಡುವಿನ ಪಂದ್ಯಗಳಲ್ಲಿ ಸೀಟಿಯನ್ನು ಸರದಿಯ ಮೇಲೆ ವಿದ್ಯಾರ್ಥಿಗಳ ಕೈಗೇ ಕೊಡುವುದು. ತಾಗಿತೋ ಇಲ್ಲವೋ ಎಂದು ಅರೆಕ್ಷಣದಲ್ಲಿ ತೀರ್ಪು ಕೊಟ್ಟು, ಎರಡೂ ಕಡೆಯಿಂದ ಬೈಸಿಕೊಂಡವನು ಮರುವಾರ ಗೆರೆಯ ಹೊರಗೆ ಕೂತಾಗ ಸ್ವಲ್ಪ ತಡೆದು ಕೂಗುತ್ತಾನೆ.