ಸುಮ್ಮನಾದ ಹೊಟ್ಟೆ

ಖಾನಾಪುರದ ನಮ್ಮ ಚಿಗವ್ವ ಮಲಪ್ರಭೆಯ ದಂಡೆಯ ಗದ್ದೆಯಲ್ಲಿ ದಿನವಿಡೀ ಭತ್ತದ ಸಸಿ ಹಚ್ಚಿ ಬಂದು ರಾತ್ರಿ ಎರಡಕ್ಕೆ ಎದ್ದು ಕೂಡುತ್ತಿದ್ದಳು. "ತಮ್ಮಾ, ಹೊಟ್ಟ್ಯಾಗ ಕೆಂಡ ಇಟ್ಟಂಗ ಆಗೇತಿ." ಗೂಡಿನಲ್ಲಿದ್ದ ಬಾಟಲಿ ಅಲುಗಾಡಿಸಿ, ಪುದೀನಾ ವಾಸನೆಯ ಗಟ್ಟಿ ಔಷಧಿಯನ್ನು ಮುಚ್ಚಳಕ್ಕೆ ಸುರುವಿಕೊಂಡು ಕುಡಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹುಬ್ಬಿನ ಗಂಟು ಬಿಚ್ಚುತ್ತಿತ್ತು. "ಈಗ ಸುಮ್ನಾತ ನೋಡ."

ಆ ಔಷಧಿಯಲ್ಲಿ ಆಮ್ಲ ತಗ್ಗಿಸುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಹೈಡ್ರಾಕ್ಸೈಡುಗಳ ಜೊತೆಗೆ ಆಕ್ಸೆಟಕೇನ್ ಎಂಬ ಮರಗಟ್ಟಿಸುವ ಮದ್ದೂ ಇತ್ತು. ಹಲ್ಲು ಕೀಳುವಾಗ ಚುಚ್ಚುವ ಲಿಗ್ನೊಕೇನ್ ಜಠರದ ಹುಳಿಗೆ ಬಿದ್ದರೆ ಅದರ ಅಣುಗಳು ವಿದ್ಯುದಾವೇಶ ಹೊತ್ತು, ನರದ ಪೊರೆ ದಾಟಲಾರದೆ ಹೊರಗೇ ಉಳಿಯುತ್ತವೆ. ಆಕ್ಸೆಟಕೇನ್ ಅಂಥ ಹುಳಿಯಲ್ಲೂ ಒಳಹೊಕ್ಕು ನರದ ಬಾಯಿ ಕಟ್ಟುತ್ತದೆ. ಇದನ್ನು ಕಂಡುಹಿಡಿದವರಿಗೆ ಕೈಮುಗಿಯಬೇಕು ಅನ್ನಿಸುತ್ತದೆ. ಹೊಟ್ಟೆ ಹಿಡಿದು ಕೂತವರಿಗೆ ಒಂದು ತಾಸಿನ ನಿದ್ದೆಯೂ ದೊಡ್ಡದು.

ಆದರೆ ಹುಣ್ಣು ಸುಮ್ಮನಾಗುವುದು ಬೇರೆ, ಮಾಯುವುದು ಬೇರೆ. ಖಾರದಿಂದ, ಚಿಂತೆಯಿಂದ ಹುಣ್ಣಾಗುತ್ತದೆಂದು ಬಹುಕಾಲ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಜಠರದಲ್ಲಿದ್ದು ಹುಣ್ಣಿಗೆ ಕಾರಣವಾಗುವ ಸುರುಳಿಯಂಥ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರ ಕೆಡಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಸೋಂಕಿಗೆ ಆಂಟಿಬಯೋಟಿಕ್ ಬೇಕು; ಮರಗಟ್ಟಿಸುವ ಮದ್ದಿಗೆ ಅದನ್ನು ಕೊಲ್ಲುವ ಕಸುವಿಲ್ಲ.

ಚಿಗವ್ವನ ಹುಣ್ಣಿನ ಮೂಲ ಇನ್ನೊಂದು. ಸೊಂಟನೋವಿಗೆಂದು ವರ್ಷಗಟ್ಟಲೆ ನುಂಗಿದ ಗುಳಿಗೆಗಳೇ ಜಠರದ ಒಳಪೊರೆಯ ಕಾವಲು ಕಿತ್ತಿದ್ದವು. ಒಂದು ನೋವಿನ ಬಾಯಿ ಮುಚ್ಚಲು ಹೋಗಿ ಇನ್ನೊಂದನ್ನು ಹುಟ್ಟಿಸಿ, ಅದರ ಬಾಯನ್ನೂ ಮುಚ್ಚಿದ್ದೆವು. "ಮುಚ್ಚಿದ್ದೆವು" ಎಂದೇ ಬರೆಯುತ್ತಿದ್ದೇನೆ. ಬಾಟಲಿ ಖಾಲಿಯಾದಾಗಲೆಲ್ಲ ತಂದುಕೊಟ್ಟವರು ನಾವು. ಅವಳ ನರಳಾಟ ನಿಂತರೆ ನಮಗೂ ನಿದ್ದೆ ಬರುತ್ತಿತ್ತು. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವ ಹೆಣ್ಣುಮಗಳೆಂದು ಊರೆಲ್ಲ ಅವಳನ್ನು ಹೊಗಳುತ್ತಿತ್ತು. ಕೊನೆಗೆ ನೋವಿನ ಮಾತನ್ನು ಆಡಿದ್ದು ಆ ಹೊಟ್ಟೆಯೊಂದೇ. ಅದನ್ನೂ ನಾವು ಕೇಳಿಸಿಕೊಳ್ಳಲಿಲ್ಲ.

ಒಂದು ದಿನ ಮಲ ಡಾಂಬರಿನ ಹಾಗೆ ಕಪ್ಪಾಯಿತು. ರೈಲು ಹತ್ತಿಸಿ ಬೆಳಗಾವಿಗೆ ಕರೆತಂದೆವು. ಎಂಡೊಸ್ಕೋಪಿಯ ಪರದೆಯ ಮೇಲೆ ಕಡಲೆಕಾಳಿನಷ್ಟು ಹುಣ್ಣು ಕಂಡಿತು: ತಳ ಬಿಳಿ, ಅಂಚು ಕೆಂಪು.

"ಎಷ್ಟು ದಿನದಿಂದ ನೋವೈತ್ರಿ ಅವ್ವಾರ?" ಎಂದು ಡಾಕ್ಟರು ಕೇಳಿದರು.

ಚಿಗವ್ವ ನಮ್ಮ ಕಡೆ ನೋಡಿ, ಮೆಲ್ಲಗೆ ಹೇಳಿದಳು: "ನೋವು ಎಲ್ಲೈತ್ರಿ ಸಾಹೇಬ್ರ, ದಿನಾ ಔಷಧಿ ಕುಡೀತಿದ್ನೆಲ್ಲ."